ಚೀಟಿ ಅಂಟಿಸದ ಟ್ಯಾಬ್

ಮೊಬೈಲ್ ರಿಪೇರಿ ಕಸುಬಿನಲ್ಲಿ ಮೊದಲ ದಿನವೇ ಕಲಿಯುವ ಪಾಠ ಒಂದಿದೆ. ಗಿರಾಕಿ ಸೆಟ್ ಕೈಗೆ ಕೊಟ್ಟ ಕೂಡಲೇ ಲಾಕ್ ತೆಗೆಯುವ ನಂಬರ್ ಕೇಳಬೇಕು. ಅದನ್ನು ಒಂದು ಚೀಟಿಯಲ್ಲಿ ಬರೆದು ಸೆಟ್ಟಿನ ಬೆನ್ನಿಗೆ ಅಂಟಿಸಬೇಕು. ಆಮೇಲೆ ಸ್ಕ್ರೂಡ್ರೈವರ್ ಮುಟ್ಟಬೇಕು. ಕುಶಾಲನಗರದಲ್ಲಿ ನಾನು ಅಂಗಡಿ ಇಟ್ಟು ಹದಿನೇಳು ವರ್ಷವಾಯಿತು. ಈ ಹದಿನೇಳು ವರ್ಷದಲ್ಲಿ ಚೀಟಿ ಅಂಟಿಸದೆ ನಾನು ಬಿಚ್ಚಿದ್ದು ಒಂದೇ ಒಂದು ಸೆಟ್.

ನನಗೆ ಈ ಹೊಸ ಕಾಲದ ಸೆಟ್ಟುಗಳ ಮೇಲೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ನಾನು ಕೆಲಸ ಕಲಿತದ್ದು ಗೋಣಿಕೊಪ್ಪಲಿನಲ್ಲಿ, ರೇಡಿಯೊ ಮತ್ತು ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಒಬ್ಬ ಹಿರಿಯರ ಹತ್ತಿರ. ಒಬ್ಬ ಮನುಷ್ಯ ಜೋಡಿಸಿದ್ದನ್ನು ಇನ್ನೊಬ್ಬ ಬಿಚ್ಚಬಹುದು ಎಂದು ಅವರು ನಂಬಿದ್ದರು, ನನ್ನನ್ನೂ ನಂಬಿಸಿದರು. ಆಗಿನ ಮೊಬೈಲಿನ ಬೆನ್ನು ಉಗುರಿಗೇ ಬಿಚ್ಚಿಕೊಳ್ಳುತ್ತಿತ್ತು. ಈಗ ಎಲ್ಲವನ್ನೂ ಅಂಟು ಹಾಕಿ ಮುಚ್ಚಿರುತ್ತಾರೆ. ಬಿಸಿ ಮಾಡಿ, ತೆಳು ಬ್ಲೇಡು ತೂರಿಸಿ, ಉಸಿರು ಬಿಗಿಹಿಡಿದು ಬಿಚ್ಚಬೇಕು. ಅಷ್ಟೆಲ್ಲ ಮಾಡಿ ಅದೇ ಮಾಡೆಲಿನ ಇನ್ನೊಂದು ಸೆಟ್ಟಿನಿಂದ ತೆಗೆದ ಅಸಲಿ ಬ್ಯಾಟರಿ ಹಾಕಿದರೂ, ಈ ಭಾಗ ಯಾವುದೋ ಗೊತ್ತಿಲ್ಲ ಎಂದು ಪರದೆಯ ಮೇಲೆ ಬರೆದು ಗಿರಾಕಿಯ ಮುಂದೆ ನನ್ನ ಮಾನ ಕಳೆಯುತ್ತದೆ. ದುಡ್ಡು ಕೊಟ್ಟು ತಂದವನದ್ದಲ್ಲ, ರಿಪೇರಿ ಮಾಡಿದವನದ್ದೂ ಅಲ್ಲ. ಹಾಗಾದರೆ ಈ ವಸ್ತು ಯಾರದ್ದು ಎಂದು ನಾನು ಎಷ್ಟೋ ಸಲ ಅಂಗಡಿಯಲ್ಲಿ ಒಬ್ಬನೇ ಕೂತು ಕೇಳಿಕೊಂಡಿದ್ದೇನೆ.

ಆ ಟ್ಯಾಬ್ ತಂದವರು ಊರಿನಿಂದ ಸ್ವಲ್ಪ ದೂರದಲ್ಲಿ ಶುಂಠಿ, ಭತ್ತ ಬೆಳೆಯುವ ಗೌಡರು. ಅವರ ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನ. ಅವರ ಗಂಟಲು ಸುತ್ತಮುತ್ತಲಿಗೆಲ್ಲ ಗೊತ್ತಿತ್ತು. ದುಬಾರೆ ಕಡೆಯ ಕಾಡಿನಿಂದ ಆನೆ ಗದ್ದೆಗೆ ಇಳಿದರೆ ಬೇರೆಯವರು ಪಟಾಕಿ ಹುಡುಕುತ್ತಿದ್ದರು, ಇವರು ಅಟ್ಟಣೆಯ ಮೇಲೆ ನಿಂತು ಒಂದು ಕೂಗು ಹಾಕುತ್ತಿದ್ದರು. ಆನೆ ಹೋಗುತ್ತಿತ್ತೋ ಇಲ್ಲವೋ, ಊರಿನವರೆಲ್ಲ ಎದ್ದು ಕೂರುತ್ತಿದ್ದರು. ಆ ಗಂಟಲಿಗೇ ಕಾಯಿಲೆ ಬಂತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಒಂದು ತೂತು ಉಳಿಯಿತು, ಉಸಿರಾಟವೆಲ್ಲ ಅದರಲ್ಲೇ.

ಆಪರೇಷನ್ನಿಗೆ ಮೊದಲು ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರಂತೆ. ಅದರಂತೆ ಗೌಡರ ಅಕ್ಕನ ಮಗ ಒಂದು ಟ್ಯಾಬ್ ತಂದು, ಅದರಲ್ಲಿ ಒಂದು ಆ್ಯಪ್ ಹಾಕಿಕೊಟ್ಟ. ಗೌಡರಿಗೆ ಓದು ಬರಹ ಬಾರದು, ಅದಕ್ಕೇ ಪರದೆಯ ತುಂಬ ಚೌಕಗಳು, ಒಂದೊಂದಕ್ಕೂ ಒಂದು ಚಿತ್ರ. ಲೋಟದ ಚಿತ್ರ ಒತ್ತಿದರೆ ಕಾಫಿ ಕೇಳುತ್ತದೆ, ದಿಂಬಿನ ಚಿತ್ರ ಒತ್ತಿದರೆ ಮಲಗುತ್ತೇನೆ ಎನ್ನುತ್ತದೆ. ಮಾತು ಗೌಡರದ್ದೇ. ಧ್ವನಿ ಹೋಗುವುದಕ್ಕೆ ಒಂಬತ್ತು ದಿನ ಮೊದಲು, ಗೊಗ್ಗರು ಗಂಟಲಿನಲ್ಲಿ, ತಮಗೆ ದಿನವೂ ಬೇಕಾಗುವ ನಲವತ್ತೆಂಟು ಮಾತುಗಳನ್ನು ಅವರು ಆರಿಸಿ ಹೇಳಿ ತುಂಬಿಸಿದ್ದರು. ಎರಡು ವರ್ಷ ಆ ನಲವತ್ತೆಂಟು ಮಾತಿನಲ್ಲೇ ಸಂಸಾರ ನಡೆದಿತ್ತು.

ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದದ್ದು ಒಂದು ಬೆಳಿಗ್ಗೆ. ಬ್ಯಾಟರಿ ಊದಿಕೊಂಡು ಪರದೆ ಒಂದು ಕಡೆ ಮೇಲೆದ್ದಿತ್ತು. ಹಾಗೇ ಬಿಟ್ಟರೆ ಬೆಂಕಿ ಹತ್ತಬಹುದು, ಬದಲಾಯಿಸಲೇಬೇಕು ಎಂದೆ. ಗೌಡರು ಟ್ಯಾಬನ್ನು ಕೂಡಲೇ ಕೊಡಲಿಲ್ಲ. ಹೆಬ್ಬೆರಳಿಟ್ಟು ಲಾಕ್ ತೆಗೆದು, ಒಂದು ಚೌಕ ಒತ್ತಿದರು.

"ಹುಷಾರು ಕಣಪ್ಪ," ಎಂದಿತು ಟ್ಯಾಬ್.

ಆ ಧ್ವನಿಯನ್ನು ನಾನು ಎರಡು ವರ್ಷದಿಂದ ಕೇಳಿರಲಿಲ್ಲ. ಆಮೇಲೆ ಅವರು ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟರು.

ನಂಬರ್ ಕೇಳಬೇಕಿದ್ದದ್ದು ಆಗ. ಬಾಯಿಯವರೆಗೂ ಬಂದಿತ್ತು. ಮಾತಾಡಲಾಗದ ಮನುಷ್ಯನನ್ನು ಪ್ರಶ್ನೆ ಕೇಳಿ ನಾಲ್ಕು ಜನರ ಮುಂದೆ ಕೈ ಬಾಯಿ ಆಡಿಸುವಂತೆ ಮಾಡುವುದು ಮರ್ಯಾದೆಯಲ್ಲ ಎನಿಸಿತು. ಅವರ ಹೆಂಡತಿಯನ್ನು ಕೇಳಬಹುದಿತ್ತು. ಗಂಡ ಎದುರಿಗಿರುವಾಗ ಅವರನ್ನು ದಾಟಿ ಕೇಳುವುದು ಇನ್ನೂ ಕೆಟ್ಟದ್ದು ಎನಿಸಿತು. ಹೇಗೂ ಬೆರಳಿಗೆ ತೆರೆದುಕೊಳ್ಳುತ್ತದಲ್ಲ, ಸಂಜೆ ಅವರೇ ಬಂದು ಬೆರಳಿಡಲಿ ಎಂದುಕೊಂಡೆ. ಚೀಟಿ ಬರೆಯಲಿಲ್ಲ, ಟ್ಯಾಬನ್ನು ಪೂರ್ತಿ ಆಫ್ ಮಾಡಿದೆ.

ಆಫ್ ಮಾಡಿ ಆನ್ ಮಾಡಿದರೆ ಅದು ಬೆರಳನ್ನು ಒಪ್ಪುವುದಿಲ್ಲ, ಮೊದಲು ನಂಬರ್ ಕೇಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಅಂಗಡಿಗೆ ಬಂದವರಿಗೆಲ್ಲ ನಾನೇ ಹೇಳುವ ವಿಷಯ.

ಸಂಜೆ ಹೊಸ ಬ್ಯಾಟರಿಯಲ್ಲಿ ಟ್ಯಾಬ್ ಚೆನ್ನಾಗಿ ಹೊತ್ತಿಕೊಂಡು ಆರು ಅಂಕೆ ಕೇಳಿತು. ಗೌಡರು ಹೆಂಡತಿಯ ಮುಖ ನೋಡಿದರು, ಹೆಂಡತಿ ನನ್ನ ಮುಖ ನೋಡಿದರು. ನಂಬರ್ ಹಾಕಿಕೊಟ್ಟವನು ಅಕ್ಕನ ಮಗ, ಎರಡು ವರ್ಷ ಟ್ಯಾಬ್ ಒಮ್ಮೆಯೂ ಆಫ್ ಆಗದಂತೆ ನೋಡಿಕೊಂಡಿದ್ದರಿಂದ ಇವರಿಗೆ ಅದು ಬೇಕೇ ಆಗಿರಲಿಲ್ಲ. ಅವನೀಗ ಗಲ್ಫಿನಲ್ಲಿದ್ದಾನೆ. ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ, ಮಾವನಿಗೆ ಬರೆದುಕೊಟ್ಟಿದ್ದೆನಲ್ಲ ಎಂದ. ಆ ಕಾಗದ ಆಸ್ಪತ್ರೆಯ ಫೈಲಿನಲ್ಲೂ ಇರಲಿಲ್ಲ, ಮನೆಯ ಪೆಟ್ಟಿಗೆಯಲ್ಲೂ ಇರಲಿಲ್ಲ. ಅವನು ನೆನಪು ಮಾಡಿಕೊಂಡು ಕಳಿಸಿದ ನಂಬರುಗಳನ್ನು ಒಂದೊಂದಾಗಿ ಒತ್ತಿದೆವು. ಪ್ರತಿ ತಪ್ಪಿಗೂ ಕಾಯುವ ಹೊತ್ತು ಹೆಚ್ಚಾಗುತ್ತಾ ಹೋಯಿತು. ಮೂರನೇ ದಿನ ಟ್ಯಾಬ್ ಪೂರ್ತಿ ಮುಚ್ಚಿಕೊಂಡಿತು. ಎಲ್ಲವನ್ನೂ ಅಳಿಸಿದರೆ ಮಾತ್ರ ಇನ್ನು ಬಳಸಬಹುದು ಎಂದು ಬರೆದು ತೋರಿಸಿತು.

ಇದೆಲ್ಲ ಕಂಪನಿಯವರ ಲಾಕು, ಇವರು ಹೀಗೆಯೇ ಎಂದು ನಾನು ಗೌಡರಿಗೆ ಹೇಳಿದೆ. ಸುಳ್ಳಲ್ಲ. ಆದರೆ ಚೀಟಿಯ ಮಾತನ್ನು ನಾನು ಎತ್ತಲಿಲ್ಲ.

ಅಂಗಡಿಗೆ ಬಾಗಿಲು ಹಾಕಿ ಮೈಸೂರಿನ ಸರ್ವೀಸ್ ಸೆಂಟರಿಗೆ ನಾನೇ ಹೋದೆ. ಅಲ್ಲಿದ್ದ ಹುಡುಗಿ ಒಳ್ಳೆಯವಳು, ಕೂರಿಸಿ ನೀರು ಕೊಟ್ಟಳು. ಒಳಗೆ ಏನಿದೆಯೆಂದು ತಮಗೂ ನೋಡಲಾಗುವುದಿಲ್ಲ, ಯಾರಿಗೂ ಆಗುವುದಿಲ್ಲ, ಇದು ನಿಮ್ಮ ಸುರಕ್ಷತೆಗಾಗಿಯೇ ಮಾಡಿರುವುದು ಎಂದಳು. ಅಳಿಸಬಹುದು, ಆದರೆ ಮತ್ತೆ ಶುರು ಮಾಡಲು ಮೊದಲು ತೆರೆದ ಅಕೌಂಟಿನ ಪಾಸ್‌ವರ್ಡ್ ಬೇಕು ಎಂದೂ ಹೇಳಿದಳು. ಯಾರಿಂದ ಯಾರಿಗೆ ಸುರಕ್ಷತೆ ಎಂದು ಕೇಳಬೇಕೆನಿಸಿತು. ಅವಳ ಮೇಲೆ ರೇಗಿ ಏನು ಪ್ರಯೋಜನ? ನೀರು ಕುಡಿದು ಬಸ್ಸು ಹತ್ತಿದೆ.

ಅಕೌಂಟ್ ತೆರೆದದ್ದು ಅಕ್ಕನ ಮಗನ ಹಳೆಯ ನಂಬರಿನಲ್ಲಿ. ಪಾಸ್‌ವರ್ಡ್ ಅವನಿಗೂ ಮರೆತಿತ್ತು, ಬದಲಾಯಿಸಲು ಓಟಿಪಿ ಹೋಗುವುದೂ ಆ ನಂಬರಿಗೇ. ಅವನು ಗಲ್ಫಿಗೆ ಹೋದ ಮೇಲೆ ಆ ನಂಬರ್ ಬಿಟ್ಟಿದ್ದ, ಸಿಮ್ ಕಂಪನಿ ಅದನ್ನು ಬೇರೆ ಯಾರಿಗೋ ಕೊಟ್ಟಿತ್ತು. ಗೌಡರು, ಅವರ ಹೆಂಡತಿ ಅಂಗಡಿಯಲ್ಲಿ ಕೂತಿರುವಾಗಲೇ ಆ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಕೇರಳದ ಗಡಿಯ ಕುಟ್ಟದಲ್ಲಿ ಚಹಾದಂಗಡಿ ನಡೆಸುವ ಒಬ್ಬ ಹೆಂಗಸು. ನನ್ನ ಮನೆಮಾತು ಮಲಯಾಳ, ಆಕೆಯದೂ ಅದೇ. ಅದರಲ್ಲೇ ಎಲ್ಲ ವಿವರಿಸಿದೆ. ಓಟಿಪಿ ಯಾರಿಗೂ ಕೊಡಬಾರದೆಂದು ಬ್ಯಾಂಕಿನವರು ಹೇಳಿದ್ದಾರೆ ಎಂದು ಆಕೆ ಖಡಾಖಂಡಿತವಾಗಿ ಹೇಳಿದರು. ಅದು ನ್ಯಾಯವೇ. ಕೊನೆಗೆ, ನನ್ನ ಮಾತು ನಂಬದೆ, ಹಾಗಿದ್ದರೆ ಆ ಮನುಷ್ಯನ ಕೈಗೇ ಫೋನ್ ಕೊಡಿ, ಅವರ ಬಾಯಿಂದಲೇ ಕೇಳುತ್ತೇನೆ ಎಂದರು.

ಅದನ್ನು ನಾನು ಗೌಡರಿಗೆ ಕನ್ನಡದಲ್ಲಿ ಹೇಳಿದೆ. ಗೌಡರೇ ಕೈ ಚಾಚಿ ಫೋನ್ ತೆಗೆದುಕೊಂಡರು. ಕಿವಿಗೆ ಇಟ್ಟುಕೊಳ್ಳಲಿಲ್ಲ. ಕತ್ತಿನ ತೂತಿನ ಹತ್ತಿರ ಹಿಡಿದು ಸುಮ್ಮನೆ ಉಸಿರಾಡಿದರು. ನೀರಿಲ್ಲದ ನಲ್ಲಿಯಲ್ಲಿ ಗಾಳಿ ಬರುವ ಹಾಗೆ ಆ ಸದ್ದು ಅಂಗಡಿಯಲ್ಲಿ ಕೇಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಫೋನ್ ನನಗೆ ಕೊಟ್ಟರು. ಆಕೆ ಮತ್ತೇನೂ ಕೇಳಲಿಲ್ಲ. ಮೆಸೇಜ್ ಬಂದ ಕೂಡಲೇ ಆರು ಅಂಕೆಗಳನ್ನು ಎರಡೆರಡು ಸಲ ಓದಿ ಹೇಳಿದರು.

ಅಂಗಡಿಯ ಕಂಪ್ಯೂಟರಿನಲ್ಲಿ ಅಕೌಂಟ್ ತೆರೆಯಿತು. ಶುಂಠಿ ಮಡಿಯ ಫೋಟೊಗಳಿದ್ದವು, ಆಸ್ಪತ್ರೆಯ ಮಂಚದ ಒಂದು ಫೋಟೊ ಇತ್ತು. ಧ್ವನಿ ಇರಲಿಲ್ಲ. ಆ ಆ್ಯಪ್ ಮಾಡಿದವರು ಮಾತುಗಳನ್ನೆಲ್ಲ ಟ್ಯಾಬಿನ ಹೊಟ್ಟೆಯಲ್ಲೇ ಇಟ್ಟಿದ್ದರು. ಹೊರಗೆ ತೆಗೆಯುವುದಕ್ಕೆ ದಾರಿಯನ್ನೇ ಮಾಡಿರಲಿಲ್ಲ. ನಲವತ್ತೆಂಟು ಮಾತುಗಳು ನನ್ನ ಮೇಜಿನ ಮೇಲೆ, ಗೇಣು ದೂರದಲ್ಲಿ, ಗಾಜಿನ ಒಳಗಿದ್ದವು.

ಇನ್ನು ಅಳಿಸುವುದೊಂದೇ ಉಳಿದಿತ್ತು. ಬೇಡವೆಂದರೆ ಟ್ಯಾಬನ್ನು ಹಾಗೇ ಬೀರುವಿನಲ್ಲಿಡಬೇಕು. ಗೌಡರ ಹೆಂಡತಿ ಅಳಿಸಿಬಿಡು ಎಂದರು. ಇಷ್ಟು ದಿನ ಅವರಿಗೆ ಏನು ಬೇಕೆಂದು ಹೇಳಲು ಕೈಯೇ ಗತಿಯಾಗಿದೆ, ಒಂದು ಲೋಟ ನೀರಿಗೂ ಸಿಟ್ಟು ಮಾಡಿಕೊಳ್ಳುತ್ತಾರೆ ಎಂದರು. ಆಗ ನನಗೆ ತಡೆಯಲಾಗಲಿಲ್ಲ. ಲಾಕು ಕಂಪನಿಯದ್ದು ನಿಜ, ಆದರೆ ಆಫ್ ಮಾಡುವ ಮೊದಲು ನಂಬರ್ ಕೇಳಬೇಕಿದ್ದವನು ನಾನು, ಕೇಳಲಿಲ್ಲ ಎಂದೆ. ಯಾಕೆ ಕೇಳಲಿಲ್ಲ ಎನ್ನುವುದನ್ನೂ ಹೇಳಿದೆ. ತಲೆ ಎತ್ತಿ ನೋಡಲಿಲ್ಲ.

ಆ ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನೀನೊಬ್ಬನೇ ಅಲ್ಲ ಕಣಪ್ಪ," ಎಂದರು. "ಗಂಟ್ಲು ಹೋದಾಗ್ಲಿಂದ ಇವ್ರುನ್ನ ಯಾರೂ ಏನೂ ಕೇಳಕಿಲ್ಲ. ಎಲ್ರೂ ನನ್ನ ಮಖ ನೋಡ್ತಾರೆ."

ಗೌಡರು ಕಿಟಕಿಯಾಚೆ ನಿಂತಿದ್ದ ಬಸ್ಸು ನೋಡುತ್ತಿದ್ದರು. ಎಲ್ಲವೂ ಕಿವಿಗೆ ಬೀಳುತ್ತಿತ್ತು. ಟ್ಯಾಬನ್ನು ನನ್ನ ಕಡೆ ತಳ್ಳಿ ತಲೆಯಾಡಿಸಿದರು. ನಾನು ಅಳಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಹಳೆಯ ಆ್ಯಪ್ ಮತ್ತೆ ಹಾಕೋಣವೆಂದರೆ ಅದೂ ಇಲ್ಲ. ಆ ಟ್ಯಾಬಿಗೆ ಆ್ಯಪ್ ಸಿಗುವುದು ಕಂಪನಿಯ ಒಂದೇ ಆನ್‌ಲೈನ್ ಅಂಗಡಿಯಲ್ಲಿ, ಆ ಅಂಗಡಿ ಅದನ್ನು ತೆಗೆದುಹಾಕಿತ್ತು. ಹುಡುಕಿ ಹುಡುಕಿ ಚೌಕಗಳಿರುವ ಬೇರೆ ಒಂದನ್ನು ಹಾಕಿಕೊಂಡು ಭಾನುವಾರ ಅವರ ಮನೆಗೆ ಹೋದೆ. ಅದರಿಂದ ಧ್ವನಿಗಳನ್ನು ಹೊರಗೆ ತೆಗೆಯಲು ಬರುತ್ತದೆಯೇ ಎಂದು ಮೊದಲೇ ನೋಡಿಕೊಂಡಿದ್ದೆ. ಟ್ಯಾಬಿನ ಬೆನ್ನಿಗೆ ಈ ಸಲ ಚೀಟಿ ಅಂಟಿಸಿದ್ದೆ.

ಮಾತುಗಳನ್ನು ಯಾರು ಹೇಳುವುದು? ಅಮ್ಮಾ, ನೀವೇ ಹೇಳಿ ಎಂದೆ. ಅವರು ಒಪ್ಪಲಿಲ್ಲ. "ನಂಗೆ ನಾನೇ ಕಾಫಿ ಕೇಳದಾ? ಅವ್ರು ಒತ್ತಿದ್ರೆ ಗಂಡಸಿನ ದನಿ ಬರ್ಲಿ. ನೀನೇ ಹೇಳು," ಎಂದರು.

ಜಗಲಿಯ ಬೆಂಚಿನ ಮೇಲೆ ಗೌಡರು, ಪಕ್ಕದಲ್ಲಿ ನಾನು. ಹಳೆಯ ನಲವತ್ತೆಂಟು ಮಾತೂ ಆ ತಾಯಿಗೆ ಬಾಯಿಪಾಠವಾಗಿದ್ದವು. ಗೌಡರು ಯಾವುದನ್ನು ಎಳೆದು ಹೇಳಿದ್ದರು, ಯಾವುದರ ಮಧ್ಯೆ ಕೆಮ್ಮಿದ್ದರು, ಅದೂ ನೆನಪಿತ್ತು. ಅವರು ಹೇಳಿಕೊಟ್ಟ ಹಾಗೆ ನಾನು ಹೇಳಿದೆ. ನನ್ನ ಕನ್ನಡಕ್ಕೆ ಮಲಯಾಳದ ರಾಗ ಅಂಟಿಕೊಂಡಿದೆ, ಎಷ್ಟು ವರ್ಷವಾದರೂ ಬಿಟ್ಟಿಲ್ಲ. "ಹುಷಾರು ಕಣಪ್ಪ" ಎನ್ನುವುದನ್ನು ನಾಲ್ಕು ಸಲ ಹೇಳಿಸಿದರು. ನಾಲ್ಕನೆಯದಕ್ಕೆ ಗೌಡರ ಭುಜ ಕುಲುಕತೊಡಗಿತು. ಗಾಬರಿಯಾಗಿ ನೋಡಿದರೆ ನಗುತ್ತಿದ್ದರು. ಸದ್ದಿಲ್ಲದ ನಗುವನ್ನು ನಾನು ಅಷ್ಟು ಹತ್ತಿರದಿಂದ ಅದಕ್ಕೂ ಮೊದಲು ನೋಡಿರಲಿಲ್ಲ. ನನಗೆ ಒಂದು ಕಡೆ ಸಮಾಧಾನ, ಒಂದು ಕಡೆ ಅಳು.

ನಲವತ್ತೇಳು ಮಾತು ಮುಗಿಯಿತು. ಉಳಿದದ್ದು ಮೊದಲ ಸಾಲಿನ ಮೊದಲ ಚೌಕ. ಅದರಲ್ಲಿ ಏನಿತ್ತು ಎಂದು ಕೇಳಿದೆ. ಆ ತಾಯಿ ಸೆರಗು ಸರಿಮಾಡಿಕೊಂಡು, "ಅದು ನನ್ನ ಕರ್‍ಯದು. ಇವ್ಳೇ, ಅಂತ," ಎಂದು ಹೇಳಿ, ಹಾಲು ಉಕ್ಕೀತೆಂದು ಒಳಗೆ ಹೋದರು.

ನಾನು ಗಂಟಲು ಸರಿಮಾಡಿಕೊಂಡು ರೆಕಾರ್ಡ್ ಒತ್ತಿದೆ. ಗೌಡರ ಅಂಗೈ ಬಂದು ಟ್ಯಾಬಿನ ಮೇಲೆ ಕೂತಿತು. ಶುಂಠಿ ಕಿತ್ತು ಕಿತ್ತು ಒರಟಾದ ಕೈ, ಪರದೆ ಪೂರ್ತಿ ಮುಚ್ಚಿಹೋಯಿತು.

ಮೊದಲಾಗಿದ್ದರೆ ನಾನು ಕೇಳದೆ ಬಿಡುತ್ತಿದ್ದೆ, ಇಲ್ಲವೇ ಒಳಗೆ ಹೋಗಿ ಅವರ ಹೆಂಡತಿಯನ್ನು ಕೇಳಿಬರುತ್ತಿದ್ದೆ. ಅವತ್ತು ಅವರ ಮುಖವನ್ನೇ ನೋಡಿ ಕೇಳಿದೆ.

"ಗೌಡ್ರೇ, ಇದೊಂದು ಖಾಲಿ ಬಿಡ್ಲಾ?"

ಉತ್ತರಕ್ಕೆ ಕಾದೆ. ಅವರು ಟ್ಯಾಬಿನಿಂದ ಕೈ ತೆಗೆದು, ಹೌದೆಂದು ತಲೆಯಾಡಿಸಿ, ಬೆರಳು ಮಡಚಿ ಬೆಂಚಿನ ಹಲಗೆಯ ಮೇಲೆ ಎರಡು ಸಲ ಬಡಿದರು.

"ಬಂದೆ," ಎಂದರು ಅವರ ಹೆಂಡತಿ ಒಳಗಿನಿಂದ.