ಅಪ್ಪನ ಕ್ಯಾಬಿನ್ ಕದ್ದವಳು

ನಾನೀಗ ಇರುವ ಈ ಪರದೇಶದಲ್ಲಿ, ಬುಕಿತ್ ತಿಮಾ ಕಡೆ, ಹಳೆಯ ರೈಲುದಾರಿಯೊಂದಿದೆ. ಹಳಿ ಕಿತ್ತು ಈಗ ಅದನ್ನು ಜನ ನಡೆದಾಡುವ ದಾರಿ ಮಾಡಿದ್ದಾರೆ. ಅಲ್ಲಿನ ಪುಟ್ಟ ಸ್ಟೇಷನ್ನಿನಲ್ಲಿ ಸಿಗ್ನಲ್ ಎಳೆಯುವ ಕಬ್ಬಿಣದ ಲಿವರ್‌ಗಳನ್ನು ಉಳಿಸಿಕೊಂಡಿದ್ದಾರೆ. ಮೊದಲ ಸಲ ಅವನ್ನು ಕಂಡಾಗ ನನ್ನ ಕೈ ತಾನಾಗಿ ದುಪಟ್ಟಾದ ತುದಿ ಹುಡುಕಿತು. ಬರಿಗೈಯಲ್ಲಿ ಲಿವರ್ ಮುಟ್ಟಬಾರದು ಎಂಬುದು ನಾನು ಅಕ್ಷರಕ್ಕಿಂತ ಮೊದಲೇ ಕಲಿತ ಪಾಠ.

ನನ್ನಪ್ಪ ಗದಗದ ಕಡೆಯ ಒಂದು ಹಳ್ಳಿ ಸ್ಟೇಷನ್ನಿನಲ್ಲಿ ಕ್ಯಾಬಿನ್‌ಮ್ಯಾನ್ ಆಗಿದ್ದ. ಕ್ಯಾಬಿನ್ ಎಂದರೆ ಹಳಿ ಪಕ್ಕದ ಎತ್ತರದ ಕೋಣೆ, ವಿಕ್ಟೋರಿಯಾ ರಾಣಿಯ ಕಾಲದ್ದು. ಅಲ್ಲಿ ಲಿವರ್ ಎಳೆದರೆ ದೂರದಲ್ಲಿ ಸಿಗ್ನಲ್ಲಿನ ಕೈ ಇಳಿಯುತ್ತಿತ್ತು. “ಬರಿಗೈಲೆ ಮುಟ್ಟಬ್ಯಾಡವಾ, ಬೆವರಿಗೆ ತುಕ್ಕ ಹಿಡಿತೈತಿ” ಎನ್ನುತ್ತಿದ್ದ ಅಪ್ಪ ಸದಾ ಒಂದು ಬಟ್ಟೆ ಸುತ್ತಿಯೇ ಹಿಡಿಕೆ ಹಿಡಿಯುತ್ತಿದ್ದ. ಅವ್ವ ತೀರಿಕೊಂಡ ಮಧ್ಯಾಹ್ನ ಅವನು ಡ್ಯೂಟಿಯಲ್ಲಿದ್ದ. ಸುದ್ದಿ ಹೇಳಲು ಓಡಿದವಳು ನಾನೇ. ಪ್ಯಾಸೆಂಜರ್ ಗಾಡಿ ಬರುವುದಿತ್ತು, ಬದಲಿಗೆ ನಿಲ್ಲುವವರು ಯಾರೂ ಇರಲಿಲ್ಲ. ಅಪ್ಪ ಆ ಬಟ್ಟೆಯಿಂದ ನನ್ನ ಮುಖ ಒರೆಸಿದ, ತನ್ನದನ್ನೂ ಒರೆಸಿಕೊಂಡ. ಒದ್ದೆಯಾದ ಬಟ್ಟೆಯನ್ನು ನನ್ನ ಕೈಗಿಟ್ಟು ಬರಿಗೈಯಲ್ಲೇ ಲಿವರ್ ಎಳೆದ. ದಿನಕರ್ಮ ಮುಗಿಸಿ ಮತ್ತೆ ಕೆಲಸಕ್ಕೆ ಹೋದಾಗ ಹೊಳೆಯುವ ಹಿಡಿಕೆಯ ಮೇಲೆ ಅವನ ಬೆರಳುಗಳು ತುಕ್ಕಾಗಿ ಮೂಡಿದ್ದವು. ಅಪ್ಪ ಅದನ್ನು ತುಂಬ ದಿನ ಉಜ್ಜಲಿಲ್ಲ.

ಇದನ್ನು ನಾನು ಹೇಳಿದ್ದು ಒಬ್ಬಳಿಗೇ. ಮೈಸೂರಿನವಳು, ಪುಂಗೋಲ್‌ನಲ್ಲಿ ನಮ್ಮದೇ ಬ್ಲಾಕಿನವಳು, ನನ್ನ ಮಗಳಿಗೆ ಜ್ವರ ಬಂದರೆ ಸಾರು ಮಾಡಿ ತರುವಷ್ಟು ಹತ್ತಿರದ ಗೆಳತಿ. ಆ ಲಿವರ್‌ಗಳ ಮುಂದೆಯೇ ನಿಂತು ಹೇಳಿ ಅತ್ತೆ. ಅವಳು ನನ್ನ ಬೆನ್ನು ಸವರಿ, “ಅತ್ಬಿಡು ಕಣೇ, ನಾನಿದೀನಿ” ಎಂದಳು. ಮಗಳಿಗೆ ಮಾತ್ರ ಇನ್ನೂ ಹೇಳಿರಲಿಲ್ಲ. ಇಲ್ಲೇ ಬೆಳೆಯುತ್ತಿರುವ ಹುಡುಗಿ. ಅವಳ ಕನ್ನಡ ಇನ್ನಷ್ಟು ಗಟ್ಟಿಯಾಗಲಿ, ತಾತನನ್ನು ಅವನ ಮಾತಿನಲ್ಲೇ ಕೊಡೋಣ ಎಂದು ಕಾದಿದ್ದೆ. ಅಪ್ಪನದೊಂದು ಫೋಟೊ ಕೂಡ ನಮ್ಮಲ್ಲಿಲ್ಲ. ಅವಳಿಗೆ ಕೊಡಲು ನನ್ನ ಬಳಿ ಇದ್ದದ್ದು ಇದೊಂದೇ.

ಒಂದು ಭಾನುವಾರ ಗೆಳತಿ ಕನ್ನಡದ ಕುಟುಂಬಗಳನ್ನೆಲ್ಲ ಆ ಸ್ಟೇಷನ್ನಿಗೆ ಕರೆದುಕೊಂಡು ಹೋದಳು. ನನಗೆ ಚಾಂಗಿ ಬಿಸಿನೆಸ್ ಪಾರ್ಕ್‌ನಲ್ಲಿ ಡ್ಯೂಟಿ ಬಿದ್ದಿತ್ತು, ಮಗಳನ್ನು ಅವಳ ಜೊತೆ ಕಳಿಸಿದ್ದೆ. ಊಟದ ಹೊತ್ತಿಗೆ ವಾಟ್ಸ್ಆ್ಯಪ್ ಗ್ರೂಪಿಗೆ ವಿಡಿಯೊ ಬಂತು. ಗೆಳತಿ ಲಿವರ್ ಪಕ್ಕದಲ್ಲಿ ನಿಂತಿದ್ದಾಳೆ.

“ನಮ್ ತಾತ ರೈಲ್ವೇಲಿ ಕ್ಯಾಬಿನ್‌ಮ್ಯಾನ್ ಆಗಿದ್ರು. ‘ಮುಟ್ಬೇಡ ಕಂದ, ಬೆವರಿಗೆ ತುಕ್ಕು ಹಿಡಿಯುತ್ತೆ’ ಅಂತಿದ್ರು...”

ಎಲಾ ಇವಳ! ಅವಳ ತಾತ ರೇಷ್ಮೆ ಸೀರೆ ಅಂಗಡಿಯವರು, ಅವಳೇ ಹೇಳಿದ್ದಳು. ನನ್ನಪ್ಪನ ಬಾಯಿಗೆ ಮೈಸೂರು ಕನ್ನಡ ತುರುಕಿದ್ದಳು, ನನ್ನವ್ವನನ್ನು ತನ್ನಜ್ಜಿ ಮಾಡಿಕೊಂಡಿದ್ದಳು. ಬೆರಳ ಗುರುತಿನ ಜಾಗ ಬಂದಾಗ ಕಣ್ಣೀರೂ ಹಾಕಿದಳು. ಅತ್ತೆ ಒಡವೆ ಅಳಿಯ ದಾನ ಮಾಡಿದ ಅಂತಾರಲ್ಲ, ಹಾಗೆ. ಎದುರಿಗೆ ಕೂತು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ನನ್ನ ಮಗಳು.

ಸಂಜೆ ನಮ್ಮ ಬ್ಲಾಕಿನ ಕೆಳಗಿನ ತೆರೆದ ಅಂಗಳದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಗೆಳತಿಯನ್ನು ಹಿಡಿದು ನಿಲ್ಲಿಸಿದೆ.

“ಅಯ್ಯೋ, ಇದಕ್ಯಾಕೆ ಇಷ್ಟು ಸೀನ್ ಮಾಡ್ತೀಯ?” ಎಂದಳು. “ನಮ್ಮನೇದು ಅಂತ ಹೇಳಿದ್ರೆ ಜನ ಕನೆಕ್ಟ್ ಆಗ್ತಾರೆ ಕಣೇ.”

“ಅದು ನಮ್ಮವ್ವ ಸತ್ತ ದಿನ!”

“ನಿಮ್ಮಪ್ಪನ್ನ ನಾನೇನು ಕೆಟ್ಟದಾಗಿ ತೋರಿಸಿದ್ನಾ? ಎಲ್ರೂ ಅತ್ರು, ಗೊತ್ತಾ?”

“ಹಾಗಿದ್ರೆ ಗ್ರೂಪಲ್ಲಿ ನಿಜ ಹಾಕು.”

“ಈಗ ಹಾಕಿದ್ರೆ ನನ್ ಮರ್ಯಾದೆ ಏನಾಗ್ಬೇಕು?” ಎಂದವಳೇ ಲಿಫ್ಟ್ ಹತ್ತಿ ಹೋದಳು. ನಂಬಿಸಿ ಕತ್ತು ಕೊಯ್ಯುವುದೆಂದರೆ ಏನೆಂದು ಅವತ್ತು ತಿಳಿಯಿತು. ಮೈಯೆಲ್ಲ ಉರಿಯುತ್ತಿತ್ತು.

ಮನೆಗೆ ಬಂದವಳೇ ಮಗಳನ್ನು ಎದುರಿಗೆ ಕೂರಿಸಿಕೊಂಡೆ. ಅಪ್ಪ, ಕ್ಯಾಬಿನ್, ಅವ್ವ, ಒದ್ದೆ ಬಟ್ಟೆ, ಎಲ್ಲವನ್ನೂ ಹೇಳಿದೆ. ಅಪ್ಪನ ಮಾತನ್ನು ಅಪ್ಪನ ಹಾಗೆಯೇ ಆಡಿ ತೋರಿಸಿದೆ.

“ಅಮ್ಮಾ, ಸೇಮ್ ಸ್ಟೋರಿ ಲಾ,” ಎಂದಳು ಇಲ್ಲಿನ ಮಕ್ಕಳ ಧಾಟಿಯಲ್ಲಿ. “ಇದು ಆಂಟಿ ತಾತಂದು.”

“ಅಲ್ಲ ಪುಟ್ಟಿ, ನಿನ್ನ ತಾತಂದು. ಆಂಟಿ ಸುಳ್ಳು ಹೇಳಿದ್ದು.”

“ಆದ್ರೆ ಆಂಟಿ ಅಳ್ತಿದ್ರು. ನೀನು ಬರೀ ಸಿಟ್ಟು ಮಾಡ್ತಿದೀಯ.”

ಮಗಳು ಹತ್ತಿರ ಬಂದು ನನ್ನ ಕೈ ಮೇಲೆ ಕೈಯಿಟ್ಟು, ದನಿ ತಗ್ಗಿಸಿ ಹೇಳಿದಳು:

“ಪರವಾಗಿಲ್ಲಮ್ಮ. ನೀನು ಕಾಪಿ ಮಾಡಿದ್ದು ಆಂಟಿಗೆ ಹೇಳಲ್ಲ.”