ಊದುವುದಕ್ಕೊಂದು ಹಲ್ಲುಸೆಟ್ಟು

ಓಣಿಯವರೆಲ್ಲ ಅವನನ್ನು ಹಲ್ಲಿನಯ್ಯ ಎಂದೇ ಕರೆಯುತ್ತಿದ್ದರು. ದಂತವೈದ್ಯರು ಅಚ್ಚು ತೆಗೆದು ಕಳಿಸಿದ ಬಾಯಿಗಳಿಗೆ ಕಟ್ಟುಹಲ್ಲು ಮಾಡಿಕೊಡುವುದು ಅವನ ಕಸುಬು. ಆಸ್ಪತ್ರೆಯ ಹಿಂಬದಿಯ ಕಿರುಕೋಣೆಯಲ್ಲಿ, ಮೇಣ ಕರಗಿಸುವ ದೀಪದ ಮುಂದೆ ಕೂತು, ಮುಖ ಕಾಣದವರ ನಗುವನ್ನು ಅರದಿಂದ ಉಜ್ಜಿ ತಿದ್ದುತ್ತ ಅರ್ಧ ಆಯಸ್ಸು ಕಳೆದಿದ್ದ. ನಲವತ್ತು ದಾಟಿದ ಮೇಲೆ ಅವನಿಗೆ ಕ್ಲಾರಿನೆಟ್ ಕಲಿಯುವ ಹುಚ್ಚು ಹತ್ತಿತು. ಯಾಕಯ್ಯಾ ಎಂದವರಿಗೆ, "ದಿನಾ ಕಂಡೋರ ಬಾಯಿಗೆ ದುಡೀತೀನಿ. ನನ್ನ ಬಾಯಿಗೂ ಒಂದು ಕೆಲಸ ಬೇಡ್ವಾ?" ಎನ್ನುತ್ತಿದ್ದ.

ಆಸೆ ಆಕಾಶದ್ದೇನಲ್ಲ. ಊರಿನ ಬ್ಯಾಂಡಿನ ಕೊನೆಯ ಸಾಲಿನಲ್ಲಾದರೂ ಕೂತು ಒಂದು ಇಡೀ ಕಾರ್ಯಕ್ರಮ ನುಡಿಸಬೇಕು, ಅಷ್ಟೆ. ಬ್ಯಾಂಡ್ ಮೇಷ್ಟ್ರು ಅವನ ಮೊದಲ ಉಸಿರಿನ ಸದ್ದು ಕೇಳಿ, "ವರ್ಷಗಳು ಹಿಡಿಯುತ್ತೆ" ಎಂದರು. ಹಿಡಿಯಲಿ ಎಂದುಕೊಂಡ. ಕೆಲಸ ಮುಗಿಸಿ ಬಂದವನೇ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಊದುತ್ತಿದ್ದ. ಮೊದಮೊದಲು ಅದು ಬಾಗಿಲಿಗೆ ಬಾಲ ಸಿಕ್ಕಿಕೊಂಡ ಬೆಕ್ಕಿನ ಕೂಗು. ಹೆಂಡತಿ ಕಿವಿಗೆ ಹತ್ತಿ ತುರುಕಿಕೊಂಡು ಬಟ್ಟೆ ಮಡಚುತ್ತಿದ್ದಳು. ಕ್ರಮೇಣ ಸ್ವರ ದುಂಡಗಾಯಿತು. ಒಂದು ಸಂಜೆ ಹೆಂಡತಿ ತಾನಾಗಿ ಹತ್ತಿ ತೆಗೆದಳು. "ಬಂದ್ಬಿಡ್ತಿದೆ ಕಣ್ರೀ" ಎಂದಳು.

ಬಂದೇಬಿಡಬೇಕು ಎನ್ನುವಷ್ಟರಲ್ಲಿ ವಸಡಿನ ಕಾಯಿಲೆ ಬಂತು. ಹಲ್ಲಿನ ಕಸುಬುದಾರ ತನ್ನ ಹಲ್ಲನ್ನೇ ಅಲಕ್ಷ್ಯ ಮಾಡಿದ್ದ. ಮೇಲಿನ ಸಾಲು ಪೂರ್ತಿ ಹೋಯಿತು. ವೈದ್ಯರು ಕೀಳುತ್ತ, "ನಿಮಗೇನು ಬಿಡಿ, ಸೆಟ್ಟು ನೀವೇ ಮಾಡ್ಕೋತೀರಿ" ಎಂದು ನಕ್ಕರು. ಹೌದು, ಮಾಡಿಕೊಂಡ. ವಸಡು ಒಣಗಿ ಗಟ್ಟಿಯಾದ ಮೇಲೆ ತನ್ನ ಬಾಯಿಗೆ ತಾನೇ ಮುತ್ತಿನಂಥ ಸಾಲು ಕೂರಿಸಿದ. ತಿನ್ನಲು, ಮಾತಾಡಲು, ಜಗಳವಾಡಲು ಯಾವುದಕ್ಕೂ ತೊಂದರೆಯಿಲ್ಲ. ಕ್ಲಾರಿನೆಟ್ಟಿನ ತುದಿಯ ಮೇಲೆ ಹಲ್ಲೂರಿ ಊದಿದರೆ ಮಾತ್ರ ಗಾಳಿ ಅಂಗುಳಕ್ಕೂ ಸೆಟ್ಟಿಗೂ ನಡುವೆ ನುಗ್ಗುತ್ತಿತ್ತು. ಇಡೀ ಸಾಲು ಕಳಚಿ ನಾಲಿಗೆಯ ಮೇಲೆ ಬೀಳುತ್ತಿತ್ತು.

ಅಲ್ಲಿಂದ ಉಪದೇಶದ ಕಾಲ ಶುರುವಾಯಿತು. ಎಲ್ಲರಿಗಿಂತ ಮುಂದೆ ಇದ್ದವನು ಅಳಿಯ. ವಿಮೆ ಕಂಪನಿಯಲ್ಲಿ ಕೆಲಸ; ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಮಾವನ ಮೊಬೈಲಿಗೆ ಸೂರ್ಯೋದಯದ ಚಿತ್ರ, ಅದರ ಮೇಲೊಂದು ನುಡಿಮುತ್ತು. ಬೆಟ್ಟ ಹತ್ತುವವನು ತುದಿ ನೋಡುವುದಿಲ್ಲ ಎಂದು ಒಂದು ದಿನ. ತುದಿಯ ಮೇಲೇ ಕಣ್ಣಿಡು ಎಂದು ಮರುದಿನ. ಭಾನುವಾರ ಮನೆಗೇ ಬಂದು ಕೂತು ಹೇಳಿದ:

"ಮಾವ, ಇಂಥ ಟೈಮಲ್ಲೇ ಹಲ್ಲು ಕಚ್ಕೊಂಡು ಮುಂದೆ ಹೋಗ್ಬೇಕು."

"ಯಾವ ಹಲ್ಲಪ್ಪಾ?" ಎಂದು ಕೇಳಿದ ಹಲ್ಲಿನಯ್ಯ.

ಒಳಗೆ ಹೆಂಡತಿ ನಕ್ಕಿದ್ದು ಕೇಳಿಸಿತು. ಅಳಿಯನಿಗೆ ಅರ್ಥವಾಗಲಿಲ್ಲ.

ಎರಡನೆಯ ಸೆಟ್ಟು ಮಾಡಿದ, ಮೂರನೆಯದೂ ಮಾಡಿದ. ಒಂದು ಬಿಗಿಯಾಗಿ ವಸಡು ಕೊರೆಯಿತು, ಇನ್ನೊಂದು ಬಾಯಿಗೆ ಹಾಕಿದರೆ ವಾಂತಿ ಬರುತ್ತಿತ್ತು. "ಈ ಮನೇಲಿ ಜನಕ್ಕಿಂತ ಹಲ್ಲೇ ಜಾಸ್ತಿ ಆಯ್ತು" ಎಂದಳು ಹೆಂಡತಿ, ಕಿಟಕಿಯ ಕಟ್ಟೆಯ ಮೇಲಿದ್ದ ಹಲ್ಲಿನ ಸಾಲುಗಳನ್ನು ಒರೆಸುತ್ತ. ಕ್ಲಾರಿನೆಟ್ಟಿನ ಪೆಟ್ಟಿಗೆ ಕಪಾಟಿನ ಮೇಲೇರಿತು. ಅದನ್ನು ಮಾರಿಬಿಡುತ್ತೇನೆ ಎಂದು ಅವನು ಆಗಾಗ ಹೇಳುತ್ತಿದ್ದ. ಕೊಳ್ಳುತ್ತೇನೆ ಎಂದು ಬಂದವನೊಬ್ಬನನ್ನು, ಸರಿಯಾಗಿ ಹಿಡಿಯಲು ಬರುವುದಿಲ್ಲವೆಂದು ಬೈದು ಕಳಿಸಿದ.

ಮೊಮ್ಮಗಳ ಹುಟ್ಟುಹಬ್ಬದ ದಿನ ತಾಳ್ಮೆಯ ಕಟ್ಟೆ ಒಡೆಯಿತು. ತುಂಬಿದ ಮನೆಯಲ್ಲಿ ಅಳಿಯ ಮೊಬೈಲ್ ಎತ್ತಿ ಹಿಡಿದು, "ಸೋಲೊಪ್ಪದ ನಮ್ಮ ಮಾವ ಈಗ ಎರಡು ಮಾತಾಡ್ತಾರೆ. ಮಾವ, ನಿಮ್ಮ ಸ್ಫೂರ್ತಿ ಏನು ಅಂತ ಹೇಳಿ" ಎಂದ.

"ನನಗೆ ಸ್ಫೂರ್ತಿ ಬೇಡ ಕಣಯ್ಯ" ಎಂದ ಹಲ್ಲಿನಯ್ಯ. "ಅಂಟು ಬೇಕು. ಅಂಗುಳಕ್ಕೆ ಅಂಟ್ಕೊಂಡು ಕೂರೋ ಹಲ್ಲು ಬೇಕು. ಅದಿದ್ರೆ ತಂದ್ಕೊಡು, ಇಲ್ದಿದ್ರೆ ಆ ಫೋನ್ ಕೆಳಗಿಡು."

ಮಗಳು ಮುಖ ಊದಿಸಿಕೊಂಡಳು. ಬಂದವರು ಬೇಗ ಎದ್ದರು. ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಆದರೆ ಬಾಯಿಂದ ಬಿದ್ದ ಮಾತು ತಲೆಯಲ್ಲಿ ಕೊರೆಯತೊಡಗಿತು. ಅಂಟು. ಇಷ್ಟು ದಿನ ಅವನು ಮಾಡಿದ್ದೆಲ್ಲ ಚೆಂದ ಕಾಣುವ ಹಲ್ಲು. ಊದುವ ಬಾಯಿಗೆ ಚೆಂದ ಯಾಕೆ?

ಮರುದಿನ ಕೆಲಸದ ಕೋಣೆಯಲ್ಲಿ ಕ್ಲಾರಿನೆಟ್ಟಿನ ತುದಿಯನ್ನು ಬಾಯಲ್ಲಿಟ್ಟುಕೊಂಡೇ ಅಚ್ಚು ತೆಗೆದ. ಸೆಟ್ಟಿನ ಹಿಂದಿನ ಅಂಚನ್ನು ಗಾಳಿ ನುಸುಳದಂತೆ ದಪ್ಪ ಮಾಡಿದ. ಮುಂದಿನ ಹಲ್ಲುಗಳನ್ನು ಅರದಿಂದ ಉಜ್ಜಿ ಮೊಂಡು ಮಾಡಿದ. ಹಾಕಿಕೊಂಡರೆ ಕುದುರೆಯ ಹಾಗೆ ಕಾಣುತ್ತಿದ್ದ. ಊದಿದ. ಸ್ವರ ಅಲುಗದೆ ನಿಂತಿತು, ಹಲ್ಲೂ ನಿಂತಿತು.

ಆದರೆ ಬೆರಳು ಎಲ್ಲ ಮರೆತಿತ್ತು. ಎರಡು ವರ್ಷ ಮುಟ್ಟದ ವಾದ್ಯ ಅವನನ್ನು ಗುರುತಿಸಲೇ ಇಲ್ಲ. "ಮೊದಲಿನ ಪಾಠದಿಂದ" ಎಂದರು ಮೇಷ್ಟ್ರು. ಅವನು ಗೊಣಗಿದ. ಮನೆಗೆ ಹೋಗುವವರೆಗೂ ಗೊಣಗಿದ, ಊಟ ಮಾಡುತ್ತ ಗೊಣಗಿದ, ಮರುದಿನ ಗೊಣಗುತ್ತಲೇ ಹೋಗಿ ಮೊದಲ ಪಾಠ ಊದಿದ. ಮನಸ್ಸು ಬಂದ ದಿನ, ಬಾರದ ದಿನ ಎಂದು ಅವನು ಎಣಿಸಲಿಲ್ಲ. ಬಾರದ ದಿನಗಳೇ ಹೆಚ್ಚಿದ್ದವು. ಹೆಂಡತಿ ಬಾಗಿಲಾಚೆಯಿಂದ, "ಬೇಜಾರಾದ್ರೆ ಬಿಡಿ, ಯಾರು ಅಳ್ತಾರೆ?" ಎಂದರೆ, "ಬೇಜಾರು ಬೇರೆ, ಬಿಡೋದು ಬೇರೆ. ನಿನ್ನ ಮೇಲೂ ಬೇಜಾರಾಗುತ್ತೆ" ಎಂದು ಕೂಗುತ್ತಿದ್ದ.

ಕೊನೆಗೊಂದು ಸಂಜೆ, ಬೋಳು ಬಲ್ಬುಗಳ ಸಭಾಂಗಣದಲ್ಲಿ, ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಕಾರ್ಯಕ್ರಮ ಪೂರ್ತಿ ನುಡಿಸಿದ. ಎರಡು ಕಡೆ ತಪ್ಪಿದ. ತುತ್ತೂರಿಯವನ ಅಬ್ಬರದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸರಿಯಾಗಿ ನುಡಿಸಿದ್ದೂ ಗೊತ್ತಾಗಲಿಲ್ಲ. ಅಳಿಯ ರಾಗದ ಮಧ್ಯೆ ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದ. ಹಲ್ಲಿನಯ್ಯನಿಗೆ ತಡೆಯಲಾಗದ ಕಿರಿಕಿರಿಯೂ, ಅದರ ಅಡಿಯಲ್ಲಿ ಹೇಳಿಕೊಳ್ಳಲಾಗದ ಒಂದು ಸುಖವೂ ಆಯಿತು.

ಮನೆಗೆ ನಡೆಯುತ್ತ ಹೆಂಡತಿ ಕೇಳಿದಳು: "ಮುಗೀತಲ್ಲ? ಇನ್ನು ಬಚ್ಚಲಮನೆ ನಮಗೆ ಬಿಡ್ತೀರಾ?"

"ಎಲ್ಲಿ ಮುಗೀತು? ಮುಂದಿನ ಸಲ ಎರಡನೇ ಸಾಲಂತೆ, ಮೇಷ್ಟ್ರು ಹೇಳಿದ್ರು. ದರಿದ್ರದ್ದು, ಎಲ್ಲಾ ಮೇಲಿನ ಸ್ವರ." ಅವನು ಕೆನ್ನೆ ಹಿಡಿದುಕೊಂಡ. "ಅಷ್ಟರಲ್ಲಿ ಕೆಳಗಿನ ಹಲ್ಲು ಬೇರೆ ಅಲ್ಲಾಡ್ತಿದೆ ಕಣೇ."