ಒಣ ಹಾಸಿಗೆಯ ಹೊಗಳಿಕೆ

ಕುಣಿಗಲ್ಲಿನ ಮನೆಯಲ್ಲಿ ನಮ್ಮ ಅತ್ತೆ ಏಳು ತಿಂಗಳು ಮಲಗಿದ್ದಲ್ಲೇ ಇದ್ದರು. ನೋಡಲು ಬಂದವರೆಲ್ಲ ಹಾಸಿಗೆಯ ಕೆಳಗೆ ಕೈಯಿಟ್ಟು ನೋಡುವರು. ಒದ್ದೆ ಇರುತ್ತಿರಲಿಲ್ಲ. ಗುಬ್ಬಿಯಿಂದ ಬಂದ ನಾದಿನಿ, "ಅತ್ಗೆ, ನಿನ್ ಕೈ ಬಂಗಾರ ಕಣಮ್ಮ" ಅಂದು, ಕಾಫಿ ಕುಡಿದು, ಮೂರು ಗಂಟೆ ಬಸ್ಸಿಗೆ ಹೋದಳು. ಹೆತ್ತ ತಾಯಿಯ ಒಂದು ಬಟ್ಟೆಯನ್ನೂ ಒಗೆಯಲಿಲ್ಲ.

ಹಾಸಿಗೆ ಒಣಗಿದ್ದು ನನ್ನ ಸೇವೆಯಿಂದಲ್ಲ. ನಾನು ನೀರು ಕೊಡುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ. ಕುಡಿದರೆ ಹಾಸಿಗೆ ನೆನೆಯುತ್ತದೆ, ನೆನೆದರೆ ಒಗೆಯುವವಳು ನಾನು. "ನೀರು ಕೊಡೇ" ಅಂದರೆ, "ಈಗ್ತಾನೆ ಕುಡುದ್ರಲ್ಲ, ಮರ್ತೋಯ್ತಾ?" ಅನ್ನುತ್ತಿದ್ದೆ. ಸಾಯುವಾಗ ಅವರ ನಾಲಿಗೆ ಸೌದೆಯ ಹಾಗಿತ್ತು.

ಈಗ ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಆ ಹಾಸಿಗೆಯ ವಿಷಯವನ್ನು ಚರ್ಚಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಳು. ಸಭಾಪಾಲಕರಾದ ಅಯ್ಯನವರು ಅದನ್ನೇ ಪ್ರಸಂಗ ಮಾಡಿ, "ಸೇವೆ ಅಂದರೆ ಈ ಅಜ್ಜಿಯನ್ನು ನೋಡಿ ಕಲಿಯಿರಿ" ಅಂದರು. ಮುಂದಿನ ಸಾಲಿನ ರೇಷ್ಮೆ ಸೀರೆಗಳೆಲ್ಲ ತಿರುಗಿ ನೋಡಿದವು. ಕಲಿಯುವವರ ಮುಖ ಒಂದೂ ಇರಲಿಲ್ಲ.

ಯೇಸುವಿನ ನೆನಪಿಗೆ ಮೇಜಿನ ಬಳಿ ರೊಟ್ಟಿ, ದ್ರಾಕ್ಷಾರಸ ಕೊಡುವ ಭಾನುವಾರ ಮಾತ್ರ ನಾನು ಕೂತಲ್ಲಿಂದ ಏಳುತ್ತಿರಲಿಲ್ಲ. ಮೊಣಕಾಲು ನೋವು ಅನ್ನುತ್ತಿದ್ದೆ. ನ್ಯಾಯತೀರ್ಪಿನ ದಿನ ಆ ಮುದುಕಿ ಖಾಲಿ ಲೋಟ ಹಿಡಿದು ನಿಂತಿರುತ್ತಾಳೆ. ನಾನು ಎಲ್ಲಿ ಬಚ್ಚಿಟ್ಟುಕೊಳ್ಳಲಿ?

ಹೋದ ತಿಂಗಳು ಅಯ್ಯನವರು ಮನೆಗೆ ಬಂದಾಗ ಹೇಳಿಬಿಟ್ಟೆ. ಬಿಸ್ಕತ್ತು ಅವರ ಕೈಯಲ್ಲೇ ಉಳಿಯಿತು.

"ವಯಸ್ಸಾಯ್ತಲ್ಲ ಅಜ್ಜಿ, ಏನೇನೋ ಅನ್ಸುತ್ತೆ. ನೀವು ಒಳ್ಳೇವ್ರು, ಬಿಡಿ."

"ಒಳ್ಳೇವ್ಳಾಗಿದ್ರೆ ಯೇಸುಸ್ವಾಮಿ ನಂಗ್ಯಾಕೆ ಅಯ್ನೋರೇ? ಅವ್ರು ಶಿಲುಬೆ ಮೇಲೆ ಸತ್ತಿದ್ದು ಒಳ್ಳೇವ್ರಿಗಾ?"

ಅವರು ಬಿಸ್ಕತ್ತನ್ನು ತಟ್ಟೆಗಿಟ್ಟರು.

"ಹಂಗಾದ್ರೆ ಈ ಭಾನುವಾರ ನೀವೇ ಮೊದ್ಲು ಬನ್ನಿ" ಅಂದರು. "ಆ ಮೇಜು ಇರೋದೇ ನಿಮ್ಮಂಥೋರ್ಗೆ."

ಅಷ್ಟು ಓದಿದ ಮನುಷ್ಯನಿಗೆ ಇದನ್ನು ನಾನು ನೆನಪು ಮಾಡಿಕೊಡಬೇಕಾಯಿತು.

ಹೋದೆ. ಬಿಟ್ಟಿ ಸಿಕ್ಕಿದ್ದನ್ನು ನಾನು ನಂಬಿದವಳಲ್ಲ. ರೇಷನ್ ಅಕ್ಕಿಯನ್ನೂ ಮೊರಕ್ಕೆ ಹಾಕಿ ಕಲ್ಲು ಹುಡುಕುತ್ತೇನೆ. ದೇವರ ಕೃಪೆ ಬಿಟ್ಟಿ ಅನ್ನುತ್ತಾರೆ, ಅದರಲ್ಲೂ ಕಲ್ಲು ಹುಡುಕಿದೆ. ದ್ರಾಕ್ಷಾರಸದ ಬಟ್ಟಲು ತುಟಿಗೆ ಬಂತು. ಒಂದೇ ಗುಟುಕು. "ಆಗ್ಲೇ ಕುಡುದ್ಯಲ್ಲ" ಎಂದು ಯಾರೂ ಅನ್ನಲಿಲ್ಲ.

ವಾಪಸು ಬಂದು ಕೂತಾಗ ಪಕ್ಕದ ರೇಷ್ಮೆ ಸೀರೆ ಬಾಗಿ, "ಮೊಣಕಾಲು ವಾಸಿ ಆಯ್ತಾ ಅಜ್ಜಿ?" ಅಂತು.

"ಮೊಣಕಾಲಿಗೇನೂ ಆಗಿರ್ಲಿಲ್ಲ ಕಣೇ. ಚರ್ಚು ಬಿಟ್ಮೇಲೆ ನಿಂತ್ಕೋ, ಆ ಹಾಸ್ಗೆ ಯಾಕೆ ಒಣಗಿತ್ತು ಅಂತ ಹೇಳ್ತೀನಿ."